ಹೊಸ ಕಾಂಪೌಂಡ್ ಬ್ಯಾಕ್ಟೀರಿಯಾ, ಫಂಗಸ್ ಮೇಲೆ ಕೆಲ್ಸ ಮಾಡುತ್ತಾ? ವಯಲ್‌ನಿಂದ ಎಂಐಸಿವರೆಗೆ ಟೆಸ್ಟ್ ಮಾಡೋ ಪೂರ್ತಿ ವಿಧಾನ

ಕೆಮಿಸ್ಟ್ರಿ ಕಡೆಯಿಂದ ಪ್ರಾಜೆಕ್ಟ್ ಮಾಡೋ ಹುಡುಗ್ರು ಕೈಯಲ್ಲಿ ಏಳೆಂಟು ಪುಟ್ಟ ವಯಲ್ ಹಿಡ್ಕೊಂಡು ನಮ್ಮ ಮೈಕ್ರೋಬಯಾಲಜಿ ಲ್ಯಾಬ್ ಬಾಗಿಲಿಗೆ ಬರ್ತಾರೆ, ಮೇಲೆ 4ಎ, 4ಬಿ, 4ಸಿ ಅಂತ ಮಾರ್ಕರ್‌ನಲ್ಲಿ ಬರ್ದಿರುತ್ತೆ, "ಮೇಡಂ, ಆಂಟಿಬ್ಯಾಕ್ಟೀರಿಯಲ್ ಆಂಟಿಫಂಗಲ್ ಎರಡೂ ನೋಡ್ಕೊಡಿ, ಝೋನ್ ಬಂದ್ರೆ ಸಾಕು" ಅಂತಾರೆ. ಆರು ತಿಂಗಳು ರಿಫ್ಲಕ್ಸ್ ಇಟ್ಟು, ಕಾಲಮ್ ಹಾಕಿ, ಎನ್‌ಎಂಆರ್‌ಗೆ ಕಾದು ಕೂತು ಮಾಡಿರೋ ಕಾಂಪೌಂಡ್ ಅದು, ಅದಕ್ಕೆ ಒಂದು ಝೋನ್ (ಪ್ಲೇಟ್ ಮೇಲೆ ಏನೂ ಬೆಳೆಯದೆ ಖಾಲಿ ಉಳಿದ ವೃತ್ತ) ಅಳ್ದು ಕೈ ತೊಳ್ಕೊಂಡ್ರೆ ಆ ಶ್ರಮಕ್ಕೇ ಅನ್ಯಾಯ ಅಂತ ನನಗನ್ಸುತ್ತೆ. ಝೋನ್ ಬಂತು ಅಂದ್ರೆ ಒಂದು ಪ್ರಶ್ನೆ ಹುಟ್ಟಿತು ಅಂತ ಅಷ್ಟೇ ಅರ್ಥ, ಉತ್ತರ ಸಿಗೋದು ಕಂಟ್ರೋಲ್‌ಗಳಿಂದ (ಹೋಲಿಸಿ ನೋಡೋಕೆ ಜೊತೆಗೆ ಇಡೋವು) ಮತ್ತೆ ಎಂಐಸಿಯಿಂದ, ಅಂದ್ರೆ ಬೆಳವಣಿಗೆ ತಡೆಯೋ ಅತಿ ಕಮ್ಮಿ ಪ್ರಮಾಣದಿಂದ. ಮೊದಲ ಸಲ ಮಾಡೋರಿಗೆ ಅಂತ ಇದನ್ನ ಬಿಡಿಸಿ ಬರೀತಿದ್ದೀನಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಇದು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ, ಗೊತ್ತಿರೋರು ಪಕ್ಕದಲ್ಲಿದ್ದಾಗ ಮಾಡೋ ಕೆಲ್ಸ, ಸಿಂಥಸಿಸ್ ಲ್ಯಾಬ್‌ನ ಬೆಂಚ್ ಮೇಲೆ ಪ್ಲೇಟ್ ಹಾಕೋಕೆ ಹೋಗ್ಬೇಡಿ.

ಮೊದಲು ವಯಲ್ ಒಳಗೇನಿದೆ ನೋಡಿ

ಪ್ಲೇಟ್ ಮುಟ್ಟೋಕೆ ಮುಂಚೆ ಕಾಂಪೌಂಡ್ ಶುದ್ಧ ಇದ್ಯಾ ಅನ್ನೋದು ಗಟ್ಟಿಯಾಗ್ಬೇಕು, ಎಚ್‌ಪಿಎಲ್‌ಸಿಯಲ್ಲಿ 95% ಮೇಲಿದ್ರೆ ಧೈರ್ಯವಾಗಿ ಮುಂದೆ ಹೋಗ್ಬಹುದು. ಬ್ಯಾಕ್ಟೀರಿಯಾಗೆ ನಿಮ್ಮ ಸ್ಟ್ರಕ್ಚರ್ ಗೊತ್ತಿಲ್ಲ, ವಯಲ್‌ನಲ್ಲಿ ಏನಿದ್ರೂ ಅದಕ್ಕೆ ತಗಲುತ್ತೆ. ಕ್ಲಿಕ್ ಕೆಮಿಸ್ಟ್ರಿಯಲ್ಲಿ ಮಾಡಿದ ಟ್ರಯಝೋಲ್‌ನಲ್ಲಿ ಕಾಪರ್ ಉಳ್ಕೊಂಡಿದ್ರೆ ಝೋನ್ ಕೊಡೋದು ಆ ಕಾಪರೇ ಇರ್ಬಹುದು, ಪಿಪೆರಿಡೀನ್ ಉಳಿದಿರ್ಬಹುದು, ಟಿಎಫ್‌ಎ ಸಾಲ್ಟ್ ಆಗಿ ಕೂತಿರ್ಬಹುದು. ಮೆಟಲ್ ಕಾಂಪ್ಲೆಕ್ಸ್ ಮಾಡೋರಂತೂ ಬರೀ ಲಿಗ್ಯಾಂಡ್ ಒಂದು, ಬರೀ ಮೆಟಲ್ ಸಾಲ್ಟ್ ಒಂದು, ಕಾಂಪ್ಲೆಕ್ಸ್ ಒಂದು ಅಂತ ಮೂರನ್ನೂ ಒಂದೇ ದಿನ ಒಂದೇ ಪ್ಲೇಟ್‌ನಲ್ಲಿ ಹಾಕ್ಲೇಬೇಕು, ಇಲ್ಲಾಂದ್ರೆ "ಕಾಂಪ್ಲೆಕ್ಸ್ ಆದ್ಮೇಲೆ ಆಕ್ಟಿವಿಟಿ ಜಾಸ್ತಿ ಆಯ್ತು" ಅನ್ನೋ ಮಾತಿಗೆ ಬೆಲೆ ಇಲ್ಲ.

ಒಂದು ಸಲ ಸ್ಯಾಲಿಸಿಲಾಲ್ಡಿಹೈಡ್‌ನಿಂದ ಮಾಡಿದ ಷಿಫ್ ಬೇಸ್ ಬಂದಿತ್ತು, ತೆಳು ಹಳದಿ ಸೂಜಿ ಸೂಜಿ ಕ್ರಿಸ್ಟಲ್, ನೋಡೋಕೇ ಚಂದ. ಎಸ್. ಔರಿಯಸ್ ಅನ್ನೋ ಬ್ಯಾಕ್ಟೀರಿಯಾ ಮೇಲೆ 18 ಮಿಲಿಮೀಟರ್ ಝೋನ್ ಬಂತು, ಎಲ್ಲರಿಗೂ ಖುಷಿ. ಆಮೇಲೆ ರಿಪೀಟ್ ಮಾಡೋಣ ಅಂತ ಒಂದು ವಾರದ ಹಳೇ ಡಿಎಂಎಸ್‌ಒ (ಕಾಂಪೌಂಡ್ ಕರಗಿಸೋ ದ್ರಾವಕ) ಸ್ಟಾಕ್ ಮುಚ್ಚಳ ತೆಗೆದ್ರೆ ಕಹಿ ಬಾದಾಮಿ ವಾಸನೆ ಘಮ್ ಅಂತ ಬಂತು. ಡಿಎಂಎಸ್‌ಒ ಗಾಳಿಯಲ್ಲಿರೋ ನೀರನ್ನ ಎಳ್ಕೊಳ್ಳುತ್ತೆ, ನೀರು ಸಿಕ್ರೆ ಇಮೀನ್ ಬಾಂಡ್ ಒಡೆದು ಆಲ್ಡಿಹೈಡ್ ವಾಪಸ್ ಬರುತ್ತೆ, ಟಿಎಲ್‌ಸಿ ಹಾಕಿದಾಗ ಆಲ್ಡಿಹೈಡ್ ಸ್ಪಾಟ್ ಎದ್ದು ಕಾಣ್ತಿತ್ತು, ಬರೀ ಸ್ಯಾಲಿಸಿಲಾಲ್ಡಿಹೈಡ್ ಹಾಕಿ ನೋಡಿದ್ರೆ ಅದಕ್ಕೂ ಝೋನ್ ಇತ್ತು. ಆವತ್ತಿಂದ ನಮ್ಮಲ್ಲಿ ಎರಡು ಪದ್ಧತಿ, ಸ್ಟಾರ್ಟಿಂಗ್ ಮೆಟೀರಿಯಲ್ ಇಲ್ಲದೆ ಪ್ರಾಡಕ್ಟ್ ಟೆಸ್ಟ್ ಮಾಡಲ್ಲ, ಮತ್ತೆ ಸ್ಟಾಕ್ ಯಾವಾಗ್ಲೂ ಫ್ರೆಶ್ ಇಲ್ಲಾಂದ್ರೆ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿ ಇಟ್ಟಿದ್ದು.

ಯಾವ ಬ್ಯಾಕ್ಟೀರಿಯಾ, ಯಾವ ಫಂಗಸ್

ಪಕ್ಕದ ಲ್ಯಾಬ್‌ನಿಂದ ಯಾರೋ ಕೊಟ್ಟ ಹೆಸರಿಲ್ಲದ ಸ್ಲಾಂಟ್ (ಓರೆಯಾಗಿ ಗಟ್ಟಿಯಾದ ಅಗಾರ್ ಮೇಲೆ ಬೆಳೆಸಿದ ಟ್ಯೂಬ್) ಬೇಡ. ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂ, ಇಲ್ಲಾಂದ್ರೆ ಅಮೆರಿಕದ ಎಟಿಸಿಸಿ, ಈ ಕಲ್ಚರ್ ಸಂಗ್ರಹಗಳಿಂದ ನಂಬರ್ ಇರೋ ಸ್ಟ್ರೇನ್ ತಗೊಳ್ಳಿ, ಯಾಕಂದ್ರೆ ಆ ನಂಬರ್‌ಗೇ ಸ್ಟ್ಯಾಂಡರ್ಡ್ ಡ್ರಗ್‌ನ ಎಂಐಸಿ ಎಷ್ಟು ಬರ್ಬೇಕು ಅನ್ನೋ ಲೆಕ್ಕ ಸಿಎಲ್‌ಎಸ್‌ಐ (ಇಂಥ ಟೆಸ್ಟ್‌ಗಳಿಗೆ ಮಾನದಂಡ ಮಾಡೋ ಸಂಸ್ಥೆ) ಟೇಬಲ್‌ನಲ್ಲಿ ಇರೋದು. ಗ್ರಾಂ ಪಾಸಿಟಿವ್‌ಗೆ ಎಸ್. ಔರಿಯಸ್ ಎಟಿಸಿಸಿ 29213, ಗ್ರಾಂ ನೆಗೆಟಿವ್‌ಗೆ ಇ. ಕೋಲೈ ಎಟಿಸಿಸಿ 25922 ಮತ್ತೆ ಸ್ಯೂಡೋಮೋನಾಸ್ ಎರುಜಿನೋಸಾ ಎಟಿಸಿಸಿ 27853, ಯೀಸ್ಟ್‌ಗೆ ಕ್ಯಾಂಡಿಡಾ ಆಲ್ಬಿಕಾನ್ಸ್ ಜೊತೆ ಕಂಟ್ರೋಲ್‌ಗೆ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019, ಬೂಷ್ಟಿಗೆ ಒಂದು ಆಸ್ಪರ್ಜಿಲಸ್, ಇಷ್ಟಿದ್ರೆ ಶುರು ಮಾಡೋಕೆ ಸಾಕು. ಬಂದ ತಕ್ಷಣ 20% ಗ್ಲಿಸರಾಲ್‌ನಲ್ಲಿ ಸ್ಟಾಕ್ ಮಾಡಿ ಮೈನಸ್ 80ರಲ್ಲಿಡಿ, ಫ್ರಿಜ್‌ನಲ್ಲಿರೋ ಸ್ಲಾಂಟ್‌ನಿಂದ ಸ್ಲಾಂಟ್‌ಗೆ ವರ್ಷಗಟ್ಲೆ ದಾಟಿಸ್ತಾ ಹೋದ್ರೆ ಅದು ಹಳೇ ಸ್ಟ್ರೇನ್ ಆಗೇ ಉಳಿಯಲ್ಲ.

ಹುಡುಗ್ರು ಬೇಜಾರು ಮಾಡ್ಕೊಳ್ಳೋ ವಿಷ್ಯ ಒಂದಿದೆ, ಎಸ್. ಔರಿಯಸ್ ಮೇಲೆ ಚೆನ್ನಾಗಿ ಬಂದಿದ್ದು ಇ. ಕೋಲೈ ಮೇಲೆ ಸೊನ್ನೆ. ಇದು ತುಂಬಾ ಸಾಮಾನ್ಯ. ಗ್ರಾಂ ನೆಗೆಟಿವ್‌ಗೆ ಹೊರಗಡೆ ಇನ್ನೊಂದು ಪೊರೆ ಇದೆ, ಜಿಡ್ಡಿನ ದೊಡ್ಡ ಮಾಲಿಕ್ಯೂಲ್ ಒಳಗೆ ನುಗ್ಗೋದೇ ಕಷ್ಟ, ನುಗ್ಗಿದ್ರೂ ಪೊರೆಯಲ್ಲಿರೋ ಎಫ್ಲಕ್ಸ್ ಪಂಪ್ ಹೊರಗೆ ತಳ್ಳುತ್ತೆ, ಸ್ಯೂಡೋಮೋನಾಸ್ ಅಂತೂ ಇದರಲ್ಲಿ ಎತ್ತಿದ ಕೈ. ಅದನ್ನ ಫೇಲ್ ಅಂತ ಮುಚ್ಚಿಡ್ಬೇಡಿ, ಅದೂ ಒಂದು ರಿಸಲ್ಟೇ, ಟೇಬಲ್‌ನಲ್ಲಿ ಬರೀರಿ.

ಕರಗಿಸೋದು

ಹೊಸ ಆರ್ಗ್ಯಾನಿಕ್ ಕಾಂಪೌಂಡ್ ನೀರಲ್ಲಿ ಕರಗೋದು ಅಪರೂಪ, ಅದಕ್ಕೇ ಡಿಎಂಎಸ್‌ಒ. ಡಿಎಂಎಫ್‌ಗಿಂತ ಡಿಎಂಎಸ್‌ಒ ವಾಸಿ, ಆದ್ರೂ ಕೊನೆಗೆ ಬ್ರಾತ್‌ನಲ್ಲಿ (ಬೆಳೆಸೋ ದ್ರವದಲ್ಲಿ) 1% ಮೀರದ ಹಾಗೆ ಲೆಕ್ಕ ಹಾಕ್ಕೊಳ್ಳಿ, ಅದರ ಮೇಲೆ ಹೋದ್ರೆ ಡಿಎಂಎಸ್‌ಒಯಿಂದಲೇ ಬೆಳವಣಿಗೆ ಕುಂಟೋಕೆ ಶುರುವಾಗ್ಬಹುದು. 5.12 ಮಿಲಿಗ್ರಾಂ ತೂಗಿ 200 ಮೈಕ್ರೋಲೀಟರ್ ಡಿಎಂಎಸ್‌ಒಯಲ್ಲಿ ಕರಗಿಸಿದ್ರೆ ಒಂದು ಮಿಲಿಲೀಟರ್‌ಗೆ 25.6 ಮಿಲಿಗ್ರಾಂ ಸ್ಟಾಕ್ ಆಗುತ್ತೆ, ಈ ಸಂಖ್ಯೆ ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಕರಗಿದ್ಮೇಲೆ ಬೆಳಕಿಗೆ ಹಿಡಿದು ನೋಡಿ, ತಳದಲ್ಲಿ ಒಂದು ಕಣ ತೇಲ್ತಿದ್ರೂ ನಿಮ್ಮ ಕಾನ್ಸಂಟ್ರೇಶನ್ ಸುಳ್ಳು.

ಇನಾಕ್ಯುಲಮ್ (ಹಾಕೋ ಬ್ಯಾಕ್ಟೀರಿಯಾದ ಪ್ರಮಾಣ), ಇಲ್ಲೇ ಜಾಸ್ತಿ ಜನ ಎಡವೋದು

ಬ್ಯಾಕ್ಟೀರಿಯಾ ಜಾಸ್ತಿ ಹಾಕಿದ್ರೆ ಝೋನ್ ಚಿಕ್ಕದಾಗುತ್ತೆ, ಕಮ್ಮಿ ಹಾಕಿದ್ರೆ ದೊಡ್ಡದಾಗುತ್ತೆ, ಕಾಂಪೌಂಡ್ ಅದೇ. ಅದಕ್ಕೆ 0.5 ಮ್ಯಾಕ್‌ಫಾರ್ಲ್ಯಾಂಡ್ ಅನ್ನೋ ಮಬ್ಬಿನ ಅಳತೆಗೆ ಹೊಂದಿಸ್ಬೇಕು. ಸ್ಟ್ಯಾಂಡರ್ಡ್ ನೀವೇ ಮಾಡ್ಕೊಳ್ಳಬಹುದು, 1% ಸಲ್ಫ್ಯೂರಿಕ್ ಆಸಿಡ್ 9.95 ಮಿಲಿಲೀಟರ್‌ಗೆ 1.175% ಬೇರಿಯಂ ಕ್ಲೋರೈಡ್ ಡೈಹೈಡ್ರೇಟ್ 0.05 ಮಿಲಿಲೀಟರ್ ಹಾಕಿ ಅಲ್ಲಾಡಿಸಿದ್ರೆ ಬಿಳಿ ಮಬ್ಬು ಬರುತ್ತೆ, 625 ನ್ಯಾನೋಮೀಟರ್‌ನಲ್ಲಿ ಓಡಿ (ಬೆಳಕು ತಡೆಯೋ ಪ್ರಮಾಣ) 0.08ರಿಂದ 0.13ರ ಒಳಗೆ ಇರ್ಬೇಕು. ಹಿಂದಿನ ದಿನ ಬೆಳೆಸಿದ ಪ್ಲೇಟ್‌ನಿಂದ ಮೂರ್ನಾಲ್ಕು ಕಾಲೊನಿ ಲೂಪ್‌ನಲ್ಲಿ ಎತ್ತಿ ಸ್ಟೆರೈಲ್ ಸಲೈನ್‌ನಲ್ಲಿ ಕದಡಿ, ಎರಡೂ ಟ್ಯೂಬ್ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾರ್ಡ್ ಹಿಡಿದು ಹೋಲಿಸಿ, ಗೆರೆ ಎರಡರಲ್ಲೂ ಒಂದೇ ಥರ ಮಸುಕಾಗಿ ಕಾಣ್ಬೇಕು. ಅಷ್ಟಾದ್ರೆ ಮಿಲಿಲೀಟರ್‌ಗೆ ಹತ್ತಿರ ಹತ್ತಿರ 15 ಕೋಟಿ ಬ್ಯಾಕ್ಟೀರಿಯಾ. ಮಾಡಿ 15 ನಿಮಿಷದೊಳಗೆ ಬಳಸಿ, ಟೀ ಕುಡಿದು ಬರೋಣ ಅಂತ ಹೋದ್ರೆ ಅಷ್ಟರಲ್ಲಿ ಸಂಖ್ಯೆ ಬದ್ಲಾಗಿರುತ್ತೆ.

ವೆಲ್ ಡಿಫ್ಯೂಶನ್, ಮೊದಲ ಜರಡಿ

ಮ್ಯೂಲರ್ ಹಿಂಟನ್ ಅಗಾರ್ ಲೀಟರ್‌ಗೆ 38 ಗ್ರಾಂ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್, ಪಿಎಚ್ 7.2ರಿಂದ 7.4. 90 ಮಿಲಿಮೀಟರ್ ಪ್ಲೇಟ್‌ಗೆ 25 ಮಿಲಿಲೀಟರ್ ಸುರಿದ್ರೆ 4 ಮಿಲಿಮೀಟರ್ ದಪ್ಪ ಬರುತ್ತೆ, ಈ ದಪ್ಪ ಮುಖ್ಯ, ಟೇಬಲ್ ಸಮತಟ್ಟಾಗಿಲ್ಲಾಂದ್ರೆ ಪ್ಲೇಟ್‌ನ ಒಂದು ಕಡೆ ಝೋನ್ ದೊಡ್ಡದು ಇನ್ನೊಂದು ಕಡೆ ಚಿಕ್ಕದು ಬರುತ್ತೆ. ಹತ್ತಿ ಸ್ವಾಬ್ ಸಸ್ಪೆನ್ಶನ್‌ನಲ್ಲಿ ಅದ್ದಿ ಟ್ಯೂಬ್ ಗೋಡೆಗೆ ಒತ್ತಿ ಹಿಂಡಿ, ಪ್ಲೇಟ್ ಪೂರ್ತಿ ಉಜ್ಜಿ, 60 ಡಿಗ್ರಿ ತಿರುಗಿಸಿ ಮತ್ತೆ, ಇನ್ನೊಂದು ಸಲ ತಿರುಗಿಸಿ ಮತ್ತೆ, ಕೊನೆಗೆ ಅಂಚಿನ ಸುತ್ತ ಒಂದು ಸಲ. ಸ್ಟೆರೈಲ್ ಕಾರ್ಕ್ ಬೋರರ್‌ನಿಂದ 6 ಮಿಲಿಮೀಟರ್ ಬಾವಿ ಕೊರೀರಿ, ಒಂದು ಪ್ಲೇಟ್‌ಗೆ ನಾಲ್ಕೈದು ಸಾಕು. ಒಂದೊಂದಕ್ಕೆ 50 ಮೈಕ್ರೋಲೀಟರ್, ಒಂದರಲ್ಲಿ ಬರೀ ಡಿಎಂಎಸ್‌ಒ, ಒಂದರಲ್ಲಿ ಸ್ಟ್ಯಾಂಡರ್ಡ್ ಆಂಟಿಬಯಾಟಿಕ್ ಸಿಪ್ರೋಫ್ಲಾಕ್ಸಾಸಿನ್ ಇರ್ಲೇಬೇಕು. ಅರ್ಧ ಗಂಟೆ ಹಾಗೇ ಬಿಟ್ಟು ದ್ರವ ಇಂಗಿದ್ಮೇಲೆ 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇಡಿ, ಬಾವಿಯಲ್ಲಿ ದ್ರವ ಇರೋವಾಗ ಅಭ್ಯಾಸಬಲದಿಂದ ಪ್ಲೇಟ್ ತಲೆಕೆಳಗು ಮಾಡ್ಬೇಡಿ, ಎಲ್ಲಾ ಮುಚ್ಚಳಕ್ಕೆ ಹರಿದು ದಿನದ ಕೆಲ್ಸ ಹೋಗುತ್ತೆ.

ಬೆಳಗ್ಗೆ ಸ್ಕೇಲ್ ಹಿಡಿದು ಅಳೀವಾಗ ಒಂದು ವಿಷ್ಯ ನೆನಪಿರ್ಲಿ, ಝೋನ್ ಅಂದ್ರೆ ಕಾಂಪೌಂಡ್‌ನ ಶಕ್ತಿ ಮಾತ್ರ ಅಲ್ಲ, ಅದು ಅಗಾರ್‌ನಲ್ಲಿ ಎಷ್ಟು ದೂರ ನಡೀತು ಅನ್ನೋದೂ ಸೇರಿದೆ. ಕೊಲಿಸ್ಟಿನ್ ಎಷ್ಟು ದೊಡ್ಡ ಆಂಟಿಬಯಾಟಿಕ್, ಆಸ್ಪತ್ರೆಯಲ್ಲಿ ಕೊನೇ ಅಸ್ತ್ರ, ಆದ್ರೆ ಅಗಾರ್‌ನಲ್ಲಿ ಸರಿಯಾಗಿ ಹರಡಲ್ಲ, ಅದಕ್ಕೇ ಅದರ ಡಿಸ್ಕ್ ಟೆಸ್ಟ್ ನಂಬೋ ಹಾಗಿಲ್ಲ, ಬ್ರಾತ್‌ನಲ್ಲೇ ನೋಡ್ಬೇಕು. ನಿಮ್ಮ ಜಿಡ್ಡು ಕಾಂಪೌಂಡ್ ಬಾವಿಯಂಚಲ್ಲೇ ಪ್ರೆಸಿಪಿಟೇಟ್ ಆಗಿ ಬಿಳಿ ಉಂಗುರ ಕಟ್ಕೊಂಡು ಕೂತಿದ್ರೆ ಝೋನ್ ಎಲ್ಲಿಂದ ಬರ್ಬೇಕು? ಹಾಗಾಗಿ 4ಎಗೆ 14, 4ಬಿಗೆ 17 ಬಂತು ಅಂತ 4ಬಿ ಮೇಲು ಅಂತ ತೀರ್ಪು ಕೊಡೋಕೆ ಆಗಲ್ಲ. ಝೋನ್ ಬರದೇ ಇದ್ದಿದ್ದನ್ನೂ, ಶುದ್ಧ ಇದ್ದು ಕರಗೋದು ಕಷ್ಟ ಅಂತ ಗೊತ್ತಿದ್ರೆ, ಎಂಐಸಿಗೆ ಕಳ್ಸಿ ಅಂತೀನಿ ನಾನು.

ಎಂಐಸಿ

ಬೆಳವಣಿಗೆ ಕಣ್ಣಿಗೆ ಕಾಣದ ಹಾಗೆ ತಡೆಯೋ ಅತಿ ಕಮ್ಮಿ ಪ್ರಮಾಣ, ಇದೇ ಎಂಐಸಿ. 96 ವೆಲ್ ಪ್ಲೇಟ್ ಬೇಕು, ಒಂದು ಸಾಲಿಗೆ ಒಂದು ಕಾಂಪೌಂಡ್. ಮೊದಲೇ ಮಾಡಿದ 25.6 ಸ್ಟಾಕ್‌ನ 20 ಮೈಕ್ರೋಲೀಟರ್ ತಗೊಂಡು 980 ಮೈಕ್ರೋಲೀಟರ್ ಕ್ಯಾಟಯಾನ್ ಅಡ್ಜಸ್ಟೆಡ್ ಮ್ಯೂಲರ್ ಹಿಂಟನ್ ಬ್ರಾತ್‌ಗೆ ಹಾಕಿದ್ರೆ ಮಿಲಿಲೀಟರ್‌ಗೆ 512 ಮೈಕ್ರೋಗ್ರಾಂ ಆಗುತ್ತೆ, ಡಿಎಂಎಸ್‌ಒ 2%. ಒಂದನೇ ವೆಲ್‌ಗೆ ಇದು 200 ಮೈಕ್ರೋಲೀಟರ್, 2ರಿಂದ 10ಕ್ಕೆ ಬರೀ ಬ್ರಾತ್ 100. ಒಂದರಿಂದ 100 ಎತ್ತಿ ಎರಡಕ್ಕೆ, ನಾಲ್ಕೈದು ಸಲ ಮೇಲೆ ಕೆಳಗೆ ಎಳೆದು ಬೆರೆಸಿ, ಎರಡರಿಂದ ಮೂರಕ್ಕೆ, ಹೀಗೇ ಹತ್ತರವರೆಗೆ ಹೋಗಿ ಹತ್ತರಿಂದ 100 ಎತ್ತಿ ಬಿಸಾಕಿ. ಪ್ರತಿ ವೆಲ್‌ಗೂ ಹೊಸ ಟಿಪ್ ಹಾಕಿ, ಟಿಪ್ ಉಳಿಸೋಕೆ ಹೋದ್ರೆ ಗೋಡೆಗೆ ಅಂಟಿದ ಕಾಂಪೌಂಡ್ ಮುಂದಿನ ವೆಲ್‌ಗೆ ಹೋಗಿ ಎಂಐಸಿ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ. 11ರಲ್ಲಿ 2% ಡಿಎಂಎಸ್‌ಒ ಇರೋ ಬ್ರಾತ್ 100, ಅದು ಗ್ರೋತ್ ಕಂಟ್ರೋಲ್, 12ರಲ್ಲಿ ಬರೀ ಬ್ರಾತ್ 200, ಸ್ಟೆರಿಲಿಟಿ ಕಂಟ್ರೋಲ್.

ಈಗ 0.5 ಮ್ಯಾಕ್‌ಫಾರ್ಲ್ಯಾಂಡ್ ಸಸ್ಪೆನ್ಶನ್‌ನ ಬ್ರಾತ್‌ನಲ್ಲಿ 150 ಪಟ್ಟು ತೆಳು ಮಾಡಿ, ಮಿಲಿಲೀಟರ್‌ಗೆ 10 ಲಕ್ಷ ಆಗುತ್ತೆ, ಅದನ್ನ 1ರಿಂದ 11ರವರೆಗೆ 100 ಮೈಕ್ರೋಲೀಟರ್ ಹಾಕಿದಾಗ ಎಲ್ಲಾ ಅರ್ಧಕ್ಕಿಳಿದು ಬ್ಯಾಕ್ಟೀರಿಯಾ 5 ಲಕ್ಷ, ಡಿಎಂಎಸ್‌ಒ 1% ಅಥವಾ ಕಮ್ಮಿ, ಕಾಂಪೌಂಡ್ 256, 128, 64 ಹೀಗೆ ಇಳೀತಾ ಹತ್ತನೇ ವೆಲ್‌ನಲ್ಲಿ 0.5. 25.6 ಅನ್ನೋ ಸಂಖ್ಯೆ ಬಂದಿದ್ದು ಇದಕ್ಕೇ. ತುಂಬಾ ಜಿಡ್ಡಿರೋ ಕಾಂಪೌಂಡ್ ಬ್ರಾತ್‌ಗೆ ಬಿದ್ದ ತಕ್ಷಣ ಹಾಲಿನ ಥರ ಒಡೆದ್ರೆ, ಡೈಲ್ಯೂಶನ್ ಪೂರ್ತಿ ಡಿಎಂಎಸ್‌ಒಯಲ್ಲೇ ಮಾಡಿ ಕೊನೆಗೆ ಒಂದೊಂದನ್ನೂ 50 ಪಟ್ಟು ಬ್ರಾತ್‌ಗೆ ಹಾಕಿ, ಆಗ ಎಲ್ಲಾ ವೆಲ್‌ನಲ್ಲೂ ಡಿಎಂಎಸ್‌ಒ ಒಂದೇ ಸಮ ಇರುತ್ತೆ.

ನಿಜವಾಗ್ಲೂ 5 ಲಕ್ಷ ಇದ್ಯಾ ಅಂತ ನೋಡೋಕೆ ಸುಲಭದ ದಾರಿ ಇದೆ, ಇನಾಕ್ಯುಲೇಟ್ ಮಾಡಿದ ತಕ್ಷಣ ಗ್ರೋತ್ ಕಂಟ್ರೋಲ್‌ನಿಂದ 10 ಮೈಕ್ರೋಲೀಟರ್ ತಗೊಂಡು 10 ಮಿಲಿಲೀಟರ್ ಸಲೈನ್‌ಗೆ ಹಾಕಿ, ಅದರಿಂದ 100 ಮೈಕ್ರೋಲೀಟರ್ ಪ್ಲೇಟ್ ಮೇಲೆ ಹರಡಿ, ಮಾರನೇ ದಿನ 50ರ ಆಸುಪಾಸು ಕಾಲೊನಿ ಬರ್ಬೇಕು. ಪ್ಲೇಟ್‌ಗಳನ್ನ ಒಂದರ ಮೇಲೊಂದು ನಾಲ್ಕಕ್ಕಿಂತ ಜಾಸ್ತಿ ಪೇರಿಸ್ಬೇಡಿ, ಒದ್ದೆ ಟಿಶ್ಯೂ ಇಟ್ಟ ಡಬ್ಬಿಯೊಳಗೆ ಇಡಿ, ಇಲ್ಲಾಂದ್ರೆ ಅಂಚಿನ ವೆಲ್‌ಗಳು ಒಣಗ್ತವೆ. 35 ಡಿಗ್ರಿ, 16ರಿಂದ 20 ಗಂಟೆ.

ಸಿಪ್ರೋಫ್ಲಾಕ್ಸಾಸಿನ್‌ನೂ ಜೊತೆಗೆ ಓಡಿಸ್ಬೇಕು, ಆದ್ರೆ ಕಾಂಪೌಂಡ್ ಥರ 256ರಿಂದ ಶುರು ಮಾಡಿದ್ರೆ ಕೊನೇ ವೆಲ್‌ನಲ್ಲೂ ಸತ್ತಿರುತ್ತೆ, ಅದರಿಂದ ಏನೂ ತಿಳಿಯಲ್ಲ. 1ರಿಂದ 0.002ವರೆಗೆ ಇಳ್ಸಿ. ಇ. ಕೋಲೈ 25922ಗೆ 0.004ರಿಂದ 0.016, ಎಸ್. ಔರಿಯಸ್ 29213ಗೆ 0.12ರಿಂದ 0.5 ಮೈಕ್ರೋಗ್ರಾಂ ಒಳಗೆ ಬಂದ್ರೆ ಆ ದಿನದ ಪ್ಲೇಟ್ ಸರಿ ಇದೆ. ಅದರಾಚೆ ಬಂದ್ರೆ ನಿಮ್ಮ ಕಾಂಪೌಂಡ್‌ಗೆ ಎಷ್ಟೇ ಒಳ್ಳೆ ಎಂಐಸಿ ಬಂದಿದ್ರೂ ಆ ದಿನದ್ದೆಲ್ಲಾ ಬಿಟ್ಟು ಮತ್ತೆ ಮಾಡಿ, ನೋವಾಗುತ್ತೆ, ಆದ್ರೂ ಮಾಡಿ.

ಬಣ್ಣ ನೋಡಿ ಮೋಸ ಹೋಗ್ಬೇಡಿ

ಕಾಂಪೌಂಡೇ ಮಬ್ಬಾಗಿ ಕೂತಾಗ ಬೆಳವಣಿಗೆ ಯಾವ್ದು ಪ್ರೆಸಿಪಿಟೇಟ್ ಯಾವ್ದು ಗೊತ್ತಾಗಲ್ಲ, ಅದಕ್ಕೆ 0.015% ರೆಸಝುರಿನ್ ಅನ್ನೋ ನೀಲಿ ಡೈ 30 ಮೈಕ್ರೋಲೀಟರ್ ಹಾಕಿ ಎರಡರಿಂದ ನಾಲ್ಕು ಗಂಟೆ ಕಾಯ್ಬೇಕು, ಜೀವ ಇರೋ ಕಡೆ ನೀಲಿ ಹೋಗಿ ಗುಲಾಬಿ ಆಗುತ್ತೆ. ಸಾಲಿನಲ್ಲಿ ನೀಲಿ ನೀಲಿ ನೀಲಿ ಬಂದು ಒಂದು ಕಡೆ ತಟ್ಟಂತ ಗುಲಾಬಿಗೆ ತಿರುಗೋದು ನೋಡೋಕೆ ಇವತ್ತಿಗೂ ನನಗೆ ಖುಷಿ. ಆದ್ರೆ ಥಯಾಲ್, ಹೈಡ್ರಝೀನ್ ಇರೋ ಕಾಂಪೌಂಡ್‌ಗಳು ಬ್ಯಾಕ್ಟೀರಿಯಾ ಇಲ್ದೇನೇ ಡೈಯನ್ನ ಗುಲಾಬಿ ಮಾಡ್ಬಿಡ್ತವೆ, ಆಗ ಆಕ್ಟಿವ್ ಕಾಂಪೌಂಡ್‌ನೂ ಆಕ್ಟಿವ್ ಅಲ್ಲ ಅಂತ ಬರ್ಕೊಳ್ತೀರ. ಅಝೋ ಡೈ, ಮೆಟಲ್ ಕಾಂಪ್ಲೆಕ್ಸ್‌ಗಳಿಗೆ ತಮ್ಮದೇ ಬಣ್ಣ ಬೇರೆ. ಅದಕ್ಕೆ ಕಾಂಪೌಂಡ್ ಜೊತೆ ಬ್ರಾತ್ ಜೊತೆ ಡೈ, ಬ್ಯಾಕ್ಟೀರಿಯಾ ಇಲ್ಲದ ಒಂದು ಸಾಲು ಪಕ್ಕದಲ್ಲೇ ಇರ್ಲಿ.

ಡೈ ಹಾಕೋ ಮುಂಚೆ ಕ್ಲಿಯರ್ ಆಗಿರೋ ವೆಲ್‌ಗಳಿಂದ ಸ್ವಲ್ಪ ಎತ್ತಿ ಪ್ಲೇಟ್ ಮೇಲೆ ಹರಡಿದ್ರೆ ಎಂಬಿಸಿನೂ ಸಿಗುತ್ತೆ, ಹಾಕಿದ ಬ್ಯಾಕ್ಟೀರಿಯಾದಲ್ಲಿ 99.9% ಸತ್ತಿರೋ ಅತಿ ಕಮ್ಮಿ ಪ್ರಮಾಣ. ಎಂಬಿಸಿ ಎಂಐಸಿಯ ನಾಲ್ಕು ಪಟ್ಟಿನೊಳಗಿದ್ರೆ ಕೊಲ್ಲುತ್ತೆ ಅಂತ, ಜಾಸ್ತಿ ಇದ್ರೆ ಬರೀ ಬೆಳೆಯೋದನ್ನ ತಡೆಯುತ್ತೆ ಅಂತ ಸಾಮಾನ್ಯವಾಗಿ ಹೇಳ್ತಾರೆ.

ಫಂಗಸ್‌ಗೆ ಬಂದಾಗ

ಇಲ್ಲಿ ತಾಳ್ಮೆ ಬೇಕು. ಕ್ಯಾಂಡಿಡಾಗೆ ಎಂಐಸಿ ಮಾಡೋವಾಗ ಬ್ರಾತ್ ಬದ್ಲು ಎಂಒಪಿಎಸ್ ಬಫರ್ ಹಾಕಿ ಪಿಎಚ್ 7ಕ್ಕೆ ತಂದ ಆರ್‌ಪಿಎಂಐ 1640, ಮ್ಯಾಕ್‌ಫಾರ್ಲ್ಯಾಂಡ್ 530 ನ್ಯಾನೋಮೀಟರ್‌ನಲ್ಲಿ ಹೊಂದಿಸೋದು, ಆಗ ಮಿಲಿಲೀಟರ್‌ಗೆ 10ರಿಂದ 50 ಲಕ್ಷ, ಅದನ್ನ ತೆಳು ಮಾಡಿ ಕೊನೆಗೆ ವೆಲ್‌ನಲ್ಲಿ ಮಿಲಿಲೀಟರ್‌ಗೆ ಬರೀ 500ರಿಂದ 2500 ಸೆಲ್ ಇರ್ಬೇಕು. ಬ್ಯಾಕ್ಟೀರಿಯಾ ಲೆಕ್ಕದಲ್ಲೇ 5 ಲಕ್ಷ ಹಾಕಿ ಕಾಂಪೌಂಡ್ ಕೆಲ್ಸ ಮಾಡ್ಲಿಲ್ಲ ಅನ್ನೋರನ್ನ ನೋಡಿದ್ದೀನಿ. 35 ಡಿಗ್ರಿಯಲ್ಲಿ 24 ಗಂಟೆಗೆ ಓದಿ, ಬೆಳವಣಿಗೆ ಕಮ್ಮಿ ಇದ್ರೆ 48ಕ್ಕೆ. ಫ್ಲುಕೋನಝೋಲ್ ಥರದ ಏಝೋಲ್ ಆಂಟಿಫಂಗಲ್‌ಗಳಲ್ಲಿ ವೆಲ್ ಪೂರ್ತಿ ತಿಳಿಯಾಗಲ್ಲ, ಸ್ವಲ್ಪ ಮಬ್ಬು ಎಳ್ಕೊಂಡು ಹೋಗುತ್ತೆ, ಅದಕ್ಕೆ ಕಂಟ್ರೋಲ್‌ಗಿಂತ 50% ಇಳಿದ ಕಡೆಯೇ ಎಂಐಸಿ ಅಂತ ಓದೋದು. ಪ್ಯಾರಾಪ್ಸಿಲೋಸಿಸ್ 22019ಗೆ ಫ್ಲುಕೋನಝೋಲ್ 24 ಗಂಟೆಗೆ 0.5ರಿಂದ 4ರ ಒಳಗೆ ಬರ್ಬೇಕು.

ಆಸ್ಪರ್ಜಿಲಸ್‌ಗೆ ಸ್ಟ್ಯಾಂಡರ್ಡ್ ಅಂತ ಫ್ಲುಕೋನಝೋಲ್ ಹಾಕೋದು ನಮ್ಮ ಕಡೆ ತುಂಬಾ ನಡೀತಿರೋ ತಪ್ಪು. ಆಸ್ಪರ್ಜಿಲಸ್‌ಗೆ ಹುಟ್ಟಿನಿಂದಲೇ ಫ್ಲುಕೋನಝೋಲ್ ತಾಗಲ್ಲ, "ಸ್ಟ್ಯಾಂಡರ್ಡ್‌ಗಿಂತ ನಮ್ಮ ಕಾಂಪೌಂಡ್ ಮೇಲು" ಅಂತ ಬರೆದ್ರೆ ಅದು ಹೋಲಿಕೆನೇ ಅಲ್ಲ. ವೋರಿಕೊನಝೋಲ್, ಇಟ್ರಾಕೊನಝೋಲ್ ಇಲ್ಲಾ ಆಂಫೊಟೆರಿಸಿನ್ ಬಿ ಹಾಕಿ. ಬೂಷ್ಟಿ ಪಿಡಿಎಯಲ್ಲಿ (ಆಲೂಗಡ್ಡೆ ಡೆಕ್ಸ್‌ಟ್ರೋಸ್ ಅಗಾರ್) ಐದಾರು ದಿನ ಬೆಳೆದ್ಮೇಲೆ ಸ್ವಲ್ಪ ಟ್ವೀನ್ (ಸೋಪಿನ ಥರದ ಡಿಟರ್ಜೆಂಟ್) ಹಾಕಿದ ಸಲೈನ್ ಸುರಿದು ಸ್ಪೋರ್ ಎಬ್ಬಿಸಿ ಹೀಮೋಸೈಟೋಮೀಟರ್‌ನಲ್ಲಿ ಎಣಿಸ್ಬೇಕು. ಅಷ್ಟು ಸೌಲಭ್ಯ ಇಲ್ಲಾಂದ್ರೆ ಪಾಯ್ಸನ್ಡ್ ಫುಡ್ ಟೆಕ್ನಿಕ್ ಇದೆ, ಕರಗಿದ ಪಿಡಿಎ 45ರಿಂದ 50 ಡಿಗ್ರಿಗೆ ಆರಿದಾಗ ಕಾಂಪೌಂಡ್ ಬೆರೆಸಿ ಸುರಿದು, ನಡುವೆ 5 ಮಿಲಿಮೀಟರ್ ಬೂಷ್ಟಿ ತುಂಡು ಇಟ್ಟು, ಕಂಟ್ರೋಲ್ ಪ್ಲೇಟ್ ಅಂಚು ಮುಟ್ಟೋ ಹೊತ್ತಿಗೆ ಎರಡರ ವ್ಯಾಸನೂ ಅಳ್ದು, ಕಂಟ್ರೋಲ್‌ನಿಂದ ಟೆಸ್ಟ್ ಕಳ್ದು ಕಂಟ್ರೋಲ್‌ನಿಂದ ಭಾಗಿಸಿ 100ರಿಂದ ಗುಣಿಸಿ. ಗಿಡದ ರೋಗದ ಫಂಗಸ್ ನೋಡೋರಿಗೆ ಇದೇ ಅನುಕೂಲ. ಸ್ಪೋರ್ ಕೆಲ್ಸ ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲೇ ಆಗ್ಬೇಕು, ಹಾರಿಝಾಂಟಲ್ ಲ್ಯಾಮಿನಾರ್ ಫ್ಲೋ ಗಾಳಿಯನ್ನ ನಿಮ್ಮ ಮುಖಕ್ಕೇ ಊದುತ್ತೆ, ಅದು ಪ್ಲೇಟ್ ಕಾಯೋಕೆ ಮಾಡಿರೋದು, ನಿಮ್ಮನ್ನಲ್ಲ.

ಬರೆಯೋವಾಗ

ಬೇರೆ ಬೇರೆ ಮೂರು ದಿನ ಮಾಡಿ, ಒಂದೇ ದಿನ ಮೂರು ವೆಲ್ ಹಾಕಿದ್ರೆ ಅದು ಮೂರು ಸಲ ಅಲ್ಲ. ಎಂಐಸಿ ಎರಡರ ಪಟ್ಟಿನ ಮೆಟ್ಟಿಲಲ್ಲಿ ಬರೋ ಸಂಖ್ಯೆ, 8, 16, 16 ಬಂದ್ರೆ 16 ಅಂತ ಬರೀರಿ, 13.33 ಪ್ಲಸ್ ಮೈನಸ್ ಅಂತ ಸರಾಸರಿ ತೆಗೀಬೇಡಿ. ಒಂದು ಮೆಟ್ಟಿಲು ಆ ಕಡೆ ಈ ಕಡೆ ಆಗೋದು ಈ ವಿಧಾನದ ಸಹಜ, ಹಾಗಾಗಿ 8ಕ್ಕೂ 16ಕ್ಕೂ ಇರೋ ವ್ಯತ್ಯಾಸದ ಮೇಲೆ ಕ್ಲೋರೋ ಗ್ರೂಪ್ ಮೀಥಾಕ್ಸಿಗಿಂತ ಮೇಲು ಅಂತ ಕಥೆ ಕಟ್ಟೋಕೆ ಬರಲ್ಲ. ತೂಕ ಬೇರೆ ಬೇರೆ ಇರೋ ಕಾಂಪೌಂಡ್ ಹೋಲಿಸೋವಾಗ ಮೈಕ್ರೋಮೋಲಾರ್‌ಗೆ ಬದ್ಲಾಯ್ಸಿ. ನನ್ನ ಲೆಕ್ಕದಲ್ಲಿ ಮಿಲಿಲೀಟರ್‌ಗೆ 16 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಮುಂದುವರಿಸೋಕೆ ಯೋಗ್ಯ, 128 ದಾಟಿದ್ರೆ ಆಕ್ಟಿವ್ ಅನ್ನೋ ಪದ ಬೇಡ. ಮುಂದುವರಿಸೋದು ಅಂದ್ರೆ ಮೊದಲು ಕೆಂಪು ರಕ್ತಕಣ ಒಡೆಯುತ್ತಾ, ಮನುಷ್ಯರ ಸೆಲ್‌ಲೈನ್ ಸಾಯುತ್ತಾ ಅಂತ ನೋಡೋದು, ಎಲ್ಲಾ ಸೆಲ್‌ನೂ ಕೊಲ್ಲೋದು ಔಷಧಿ ಆಗಲ್ಲ.

ಏನೂ ಬರ್ಲಿಲ್ಲ ಅಂತ ವಯಲ್ ಬಿಸಾಕ್ಬೇಡಿ. ಪ್ರೊಂಟೋಸಿಲ್ ಅನ್ನೋ ಕೆಂಪು ಡೈಯನ್ನ ಗೆರ್ಹಾರ್ಡ್ ಡೊಮಾಕ್ 1932ರಲ್ಲಿ ಸ್ಟ್ರೆಪ್ಟೋಕಾಕಸ್ ತಗಲಿದ ಇಲಿಗಳಿಗೆ ಕೊಟ್ಟಾಗ ಇಲಿಗಳು ಬದುಕಿದ್ವು, ಟೆಸ್ಟ್ ಟ್ಯೂಬ್‌ನಲ್ಲಿ ಅದೇ ಡೈಗೆ ಕೆಲ್ಸವೇ ಇಲ್ಲ. ದೇಹದೊಳಗೆ ಅದು ಒಡೆದು ಸಲ್ಫನಿಲಮೈಡ್ ಆಗೋದು ಅಂತ 1935ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನೋರು ತೋರಿಸಿದ್ರು. ಹಾಗಾಗಿ ಕಾಂಪೌಂಡ್ ಹೆಸ್ರು, ಬ್ಯಾಚ್, ಶುದ್ಧತೆ, ಪ್ಲೇಟ್ ಫೋಟೋ, ಬರದೇ ಇದ್ದ ರಿಸಲ್ಟ್ ಎಲ್ಲಾ ನೋಟ್‌ಬುಕ್‌ನಲ್ಲಿರ್ಲಿ, ಉಳಿದ ಪುಡಿ ಒಣಗಿಸಿ ಮುಚ್ಚಿ ಫ್ರೀಝರ್‌ನಲ್ಲಿಡಿ.

ಕೊನೆಗೆ ಪ್ಲೇಟ್‌ಗಳು. ಸಿಂಕ್‌ಗೆ ಸುರಿಯೋದು, ಕಸದ ಬುಟ್ಟಿಗೆ ಹಾಕೋದು ಖಂಡಿತ ಬೇಡ. ಬಳಸಿದ ಪ್ಲೇಟ್, ಟಿಪ್, ಸ್ವಾಬ್ ಎಲ್ಲಾ ಆಟೋಕ್ಲೇವ್ ಬ್ಯಾಗ್‌ಗೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟದೆ ಸಡಿಲ ಬಿಟ್ಟು, 121 ಡಿಗ್ರಿಯಲ್ಲಿ 60 ನಿಮಿಷ ಇಡಿ, ಮೀಡಿಯಾಗೆ ಇಡೋ 15 ನಿಮಿಷ ಕಸಕ್ಕೆ ಸಾಲಲ್ಲ, ಬ್ಯಾಗ್ ನಡುವಿನವರೆಗೆ ಹಬೆ ಹೋಗ್ಬೇಕು. ಆಟೋಕ್ಲೇವ್ ಟೇಪ್‌ನಲ್ಲಿ ಕಪ್ಪು ಪಟ್ಟೆ ಮೂಡಿದೆಯಾ ನೋಡಿ, ತಣ್ಣಗಾದ್ಮೇಲೆ ಬಯೋಮೆಡಿಕಲ್ ವೇಸ್ಟ್ ತಗೊಂಡು ಹೋಗೋರಿಗೆ ಕೊಡಿ.